ಕೊಡಗಿನ ಬೆಟ್ಟದ ಹುಲ್ಲುಗಾವಲು ಮಣ್ಣು

ಕೊಡಗಿನ ಬೆಟ್ಟದ ಹುಲ್ಲುಗಾವಲು ಮಣ್ಣು ಎಂಬುದು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಪಶ್ಚಿಮ ಘಟ್ಟದ ಎತ್ತರದ ಏಣುಗಳಲ್ಲಿಯೂ ಇಳಿಜಾರುಗಳಲ್ಲಿಯೂ ಹುಲ್ಲಿನ ಹೊದಿಕೆಯ ಕೆಳಗೆ ರೂಪುಗೊಂಡಿರುವ, ಕಡುಗಂದು ಅಥವಾ ಕಪ್ಪು ಮೇಲ್ಪದರವನ್ನುಳ್ಳ ಆಮ್ಲೀಯ ಮಣ್ಣು. ತಂಪು ಹವೆ, ಅಧಿಕ ಮಳೆ ಮತ್ತು ಹುಲ್ಲಿನ ದಟ್ಟ ಬೇರು ಇವು ಇದರ ರಚನೆಯ ಮುಖ್ಯ ಕಾರಣಗಳು. ನೋಟಕ್ಕೆ ಇದು ಶೀತಪ್ರದೇಶಗಳಲ್ಲಿ ಒಣಹುಲ್ಲಿಗಾಗಿ ಬಳಸಲಾಗುವ ಫಲವತ್ತಾದ ಹುಲ್ಲುಗಾವಲು ಮಣ್ಣನ್ನು ಹೋಲುತ್ತದೆ. ಗುಣದಲ್ಲಿ ಅದಕ್ಕಿಂತ ಬಹಳ ಭಿನ್ನವಾಗಿದೆ. ಬಣ್ಣವನ್ನು ನೋಡಿ ಇದನ್ನು ಸಾರವತ್ತಾದ ಮಣ್ಣೆಂದು ಭಾವಿಸುವುದು, ಮರವಿಲ್ಲದಿರುವುದನ್ನು ನೋಡಿ ಪಾಳುಭೂಮಿಯೆಂದು ಭಾವಿಸುವುದು, ಇವೆರಡೂ ಈ ಮಣ್ಣಿನ ವಿಷಯದಲ್ಲಿ ಸಾಮಾನ್ಯವಾಗಿ ನಡೆದಿರುವ ತಪ್ಪುಗಳು.

ಹರವು ಮತ್ತು ಹವೆ

ತಡಿಯಂಡಮೋಳ್ (1,748 ಮೀಟರ್), ಪುಷ್ಪಗಿರಿ, ಬ್ರಹ್ಮಗಿರಿ, ಕೋಟೆಬೆಟ್ಟ ಮತ್ತು ಮಾಂದಲಪಟ್ಟಿಯ ಸುತ್ತಣ ಬೆಟ್ಟಗಳಲ್ಲಿ ಈ ಮಣ್ಣನ್ನು ಕಾಣಬಹುದು. ಗಾಳಿಗೆ ಮೈಯೊಡ್ಡಿದ ಏಣುಗಳಲ್ಲಿ ಹುಲ್ಲು, ನೀರು ಹರಿಯುವ ಕಣಿವೆಯ ಮಡಿಕೆಗಳಲ್ಲಿ ಗಿಡ್ಡ ಮರಗಳ ನಿತ್ಯಹರಿದ್ವರ್ಣ ಕಾಡು, ಇದು ಈ ಬೆಟ್ಟಗಳ ಸಾಮಾನ್ಯ ವಿನ್ಯಾಸ. ಇಂತಹ ಕಾಡಿಗೆ ಶೋಲಾ ಎಂಬ ಹೆಸರು ರೂಢಿಯಲ್ಲಿದೆ.

ಹವೆಯ ವ್ಯತ್ಯಾಸವು ಮಣ್ಣಿನ ವ್ಯತ್ಯಾಸವಾಗುವ ಬಗೆಯನ್ನು ತಿಳಿಯಲು ಸಂಪಾಜೆ ಘಾಟಿ ಉತ್ತಮ ಉದಾಹರಣೆ. ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಯಲ್ಲಿರುವ ಸಂಪಾಜೆಯು ಘಟ್ಟದ ಬುಡದಲ್ಲಿದೆ. ಅಲ್ಲಿ ಅಡಿಕೆ, ತೆಂಗು, ರಬ್ಬರ್ ಬೆಳೆಯುತ್ತವೆ. ಮಣ್ಣು ಕೆಂಪು, ಅನೇಕ ಕಡೆ ಮುರಕಲ್ಲಿನಿಂದ ಕೂಡಿದ್ದು. ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಕೊಯನಾಡು, ಜೋಡುಪಾಲ, ಮದೆನಾಡುಗಳ ಮೂಲಕ ಮೇಲೇರಿದರೆ ಸುಮಾರು 30 ಕಿಲೋಮೀಟರ್‌ಗಳ ಅಂತರದಲ್ಲಿ ಮಡಿಕೇರಿ ಸಿಗುತ್ತದೆ. ಅದರ ಎತ್ತರ ಸುಮಾರು 1,150 ಮೀಟರ್. ಪ್ರತಿ 100 ಮೀಟರ್ ಏರಿದಂತೆ ಉಷ್ಣತೆಯು ಸುಮಾರು 0.6 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುವುದರಿಂದ, ಘಾಟಿಯ ಬುಡಕ್ಕೂ ನೆತ್ತಿಗೂ 6 ಡಿಗ್ರಿಯಷ್ಟು ಅಂತರ ಉಂಟಾಗುತ್ತದೆ. ಈ ಅಂತರ ಅಲ್ಪವೆಂದು ತೋರಬಹುದು. ಆದರೆ ಉದುರಿದ ಎಲೆ, ಸತ್ತ ಬೇರುಗಳನ್ನು ಕೊಳೆಸುವ ಸೂಕ್ಷ್ಮಜೀವಿಗಳ ವೇಗವು ಉಷ್ಣತೆಯನ್ನೇ ಅವಲಂಬಿಸಿದೆ. ಕೆಳಗೆ ಬೇಗನೆ ಕೊಳೆತು ಕರಗಿಹೋಗುವ ಸಾವಯವ ಪದಾರ್ಥವು ಮೇಲೆ ನಿಧಾನವಾಗಿ ಕೊಳೆತು ಮಣ್ಣಿನಲ್ಲಿ ಉಳಿಯುತ್ತದೆ. ಕೆಂಪು ಮಣ್ಣಿನ ಮೇಲೆ ಕಪ್ಪು ಪದರ ಕಟ್ಟುವುದು ಹೀಗೆ.

ಇಲ್ಲಿಯ ತಂಪನ್ನು ಶೀತದೇಶದ ಚಳಿಯೊಡನೆ ಸಮೀಕರಿಸಬಾರದು. ಅಮೆರಿಕದ ಮಣ್ಣು ವರ್ಗೀಕರಣ ಪದ್ಧತಿಯಲ್ಲಿ ವಾರ್ಷಿಕ ಸರಾಸರಿ ಉಷ್ಣತೆ 0ಯಿಂದ 8 ಡಿಗ್ರಿಗಳ ನಡುವೆ ಇದ್ದು, ಬೇಸಿಗೆಯಲ್ಲಿಯೂ ತಣ್ಣಗಿರುವ ಮಣ್ಣನ್ನು ‘ಕ್ರಯಿಕ್’ ಎಂಬ ವರ್ಗದಲ್ಲಿ ಇರಿಸಲಾಗುತ್ತದೆ. ಅಂತಹ ಮಣ್ಣು ತಿಂಗಳುಗಟ್ಟಲೆ ಹಿಮದಡಿ ನಿಶ್ಚೇಷ್ಟವಾಗಿರುತ್ತದೆ. ಕೊಡಗಿನ ಬೆಟ್ಟದ ಮಣ್ಣು ‘ಐಸೋಥರ್ಮಿಕ್’ ವರ್ಗಕ್ಕೆ ಸೇರುತ್ತದೆ. ಅಂದರೆ ಸರಾಸರಿ ಉಷ್ಣತೆ 15ರಿಂದ 22 ಡಿಗ್ರಿಗಳ ನಡುವೆ ಇದ್ದು, ಬೇಸಿಗೆ ಚಳಿಗಾಲಗಳ ನಡುವೆ ಹೆಚ್ಚಿನ ಏರಿಳಿತವಿರುವುದಿಲ್ಲ. ಮಣ್ಣು ವರ್ಷವಿಡೀ ಎಚ್ಚರವಾಗಿಯೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ (ಮಡಿಕೇರಿಯಲ್ಲಿಯೇ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್‌ಗೂ ಮಿಗಿಲು) ಅದನ್ನು ಎಡೆಬಿಡದೆ ತೊಳೆಯುತ್ತದೆ.

ಮೂರು ಬಗೆಯ ಕಪ್ಪು

ಶಾಲಾ ಪಠ್ಯಗಳಲ್ಲಿ ಕಪ್ಪು ಮಣ್ಣೆಂದರೆ ಫಲವತ್ತಾದ ಮಣ್ಣು ಎಂಬ ಭಾವನೆ ಬೇರೂರಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಕನ್ನಡ ಓದುಗನಿಗೆ ಪರಿಚಿತವಾದ ಕಪ್ಪು ಮಣ್ಣು ಉತ್ತರ ಕರ್ನಾಟಕದ ಎರೆ ಮಣ್ಣು. ಅದರ ಕಪ್ಪಿಗೆ ಸಾವಯವ ಪದಾರ್ಥದ ಸಮೃದ್ಧಿ ಕಾರಣವಲ್ಲ. ಅದರಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಒದ್ದೆಯಾದಾಗ ಹಿಗ್ಗಿ, ಒಣಗಿದಾಗ ಬಿರುಕು ಬಿಡುವ ಜೇಡಿಯ ಕಣಗಳೂ ಅವುಗಳಿಗೆ ಬಿಗಿಯಾಗಿ ಅಂಟಿದ ಅಲ್ಪ ಸಾವಯವವೂ ಸೇರಿ ಆ ಬಣ್ಣವನ್ನು ಕೊಡುತ್ತವೆ. ಅದು ಕ್ಷಾರೀಯ, ಸುಣ್ಣದ ಹರಳುಗಳಿಂದ ಕೂಡಿದ್ದು.

ಎರಡನೆಯದು ಉಕ್ರೇನ್, ರಷ್ಯಾಗಳ ಹುಲ್ಲುಬಯಲುಗಳ ‘ಚೆರ್ನೋಜೆಮ್’. ರಷ್ಯನ್ ಭಾಷೆಯಲ್ಲಿಯೂ ಆ ಪದದ ಅರ್ಥ ಕಪ್ಪು ಮಣ್ಣು ಎಂದೇ. ವಾಸಿಲಿ ದೊಕುಚಾಯೆವ್ ಎಂಬ ವಿಜ್ಞಾನಿ 1883ರಲ್ಲಿ ಅದರ ಕುರಿತು ಪ್ರಕಟಿಸಿದ ಗ್ರಂಥದಿಂದಲೇ ಆಧುನಿಕ ಮಣ್ಣು ವಿಜ್ಞಾನ ಆರಂಭವಾಯಿತೆಂದು ಹೇಳುವ ವಾಡಿಕೆಯಿದೆ. ಅಲ್ಲಿ ಮಳೆ ಕಡಿಮೆ. ಚಳಿಯಿಂದ ಕೊಳೆಯುವಿಕೆ ನಿಧಾನ. ಹುಲ್ಲಿನ ಬೇರುಗಳು ಆಳದವರೆಗೆ ಸಾವಯವವನ್ನು ತುಂಬುತ್ತವೆ. ಮಳೆ ಕಡಿಮೆಯಾದ್ದರಿಂದ ಸುಣ್ಣದಂಶವು ತೊಳೆದುಹೋಗದೆ ಉಳಿಯುತ್ತದೆ. ಇಂಗಾಲವೂ ಇದೆ, ಪೋಷಕಾಂಶವೂ ಇದೆ.

ಕೊಡಗಿನ ಬೆಟ್ಟದ ಮಣ್ಣಿನ ಕಪ್ಪು ಮೂರನೆಯ ಬಗೆಯದು. ಇದರಲ್ಲಿ ಸಾವಯವ ಇಂಗಾಲ ಸಮೃದ್ಧವಾಗಿದೆ, ಸುಣ್ಣದಂಶ ತೊಳೆದುಹೋಗಿದೆ. ವರ್ಗೀಕರಣಕಾರರು ಈ ಭೇದವನ್ನು ಎರಡು ಹೆಸರುಗಳಿಂದ ಗುರುತಿಸುತ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂಗಳು ಮಣ್ಣಿನ ಹಿಡಿತಸ್ಥಾನಗಳಲ್ಲಿ ಅರ್ಧದಷ್ಟನ್ನಾದರೂ ಆಕ್ರಮಿಸಿರುವ ಕಪ್ಪು ಮೇಲ್ಪದರ ‘ಮಾಲಿಕ್’; ಅದಕ್ಕಿಂತ ಕಡಿಮೆ ಇರುವ ಕಪ್ಪು ಮೇಲ್ಪದರ ‘ಅಂಬ್ರಿಕ್’. ಮೊದಲನೆಯದರ ಲ್ಯಾಟಿನ್ ಮೂಲಕ್ಕೆ ‘ಮೃದು’ ಎಂದೂ ಎರಡನೆಯದರ ಮೂಲಕ್ಕೆ ‘ನೆರಳು’ ಎಂದೂ ಅರ್ಥ. ಕಣ್ಣಿಗೆ ಎರಡೂ ಒಂದೇ. ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ಅವುಗಳನ್ನು ಬೇರ್ಪಡಿಸಬಹುದು. ಮೋಡ ಕವಿದ ಬೆಟ್ಟಗಳ ಮಣ್ಣಿಗೆ ನೆರಳಿನ ಹೆಸರು ಒಪ್ಪುತ್ತದೆ.

ಮಣ್ಣಿನ ಪದರಗಳು

ರಸ್ತೆಗಾಗಿ ಕಡಿದ ದರೆಯಲ್ಲಿ ಈ ಮಣ್ಣಿನ ಪದರಗಳನ್ನು ಸ್ಪಷ್ಟವಾಗಿ ನೋಡಬಹುದು. ಎಲ್ಲಕ್ಕಿಂತ ಮೇಲೆ ಹುಲ್ಲಿನ ಬೇರುಗಳು ಚಾಪೆಯಂತೆ ಹೆಣೆದುಕೊಂಡ ತೆಳುಪದರ. ಅದರ ಕೆಳಗೆ ಕಪ್ಪು ಅಥವಾ ಕಡುಗಂದು ಬಣ್ಣದ, ಹಿಡಿಯಲ್ಲಿ ಹಿಡಿದರೆ ರವೆಯಂತೆ ಉದುರುವ ಹಗುರವಾದ ಮಣ್ಣು. ಏಣಿನ ನೆತ್ತಿಯಲ್ಲಿ ಇದು ಗೇಣುದ್ದಕ್ಕಿಂತ ಹೆಚ್ಚಿರುವುದು ಅಪರೂಪ. ಇಳಿಜಾರು ಸಮತಟ್ಟಾಗುವ ತಗ್ಗುಗಳಲ್ಲಿ ಮೇಲಿನಿಂದ ಜಾರಿಬಂದ ಮಣ್ಣು ಸೇರಿ ಮೊಳದಷ್ಟು ಆಳವಾಗಿರಬಹುದು. ನಂತರ ಬಣ್ಣವು ಕಂದಾಗಿ, ಹಳದಿಮಿಶ್ರಿತ ಕೆಂಪಾಗಿ ಬದಲಾಗುತ್ತದೆ. ಜೇಡಿಯ ಅಂಶ ಹೆಚ್ಚುತ್ತದೆ. ಎಲ್ಲಕ್ಕಿಂತ ಕೆಳಗೆ ನೈಸ್, ಚಾರ್ನೊಕೈಟ್ ಮುಂತಾದ ಪ್ರಾಚೀನ ಶಿಲೆಗಳು ಸ್ಥಳದಲ್ಲಿಯೇ ಶಿಥಿಲಗೊಂಡ ಪದರವಿರುತ್ತದೆ. ಅದರಲ್ಲಿ ಬಂಡೆಯ ಗೆರೆಗಳು ಹಾಗೆಯೇ ಕಾಣುತ್ತವೆ, ಆದರೆ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಈ ಶಿಥಿಲ ಪದರವು ಅನೇಕ ಮೀಟರ್ ಆಳವಾಗಿರುವುದುಂಟು. ಮುಂದೆ ಭೂಕುಸಿತದ ಪ್ರಸ್ತಾಪ ಬರುವಾಗ ಇದನ್ನು ನೆನಪಿನಲ್ಲಿಡಬೇಕು.

ಪಶ್ಚಿಮ ಕರ್ನಾಟಕ ಮತ್ತು ಗೋವೆಗಳ ಅರಣ್ಯಪ್ರದೇಶದ ಮಣ್ಣುಗಳ ಸ್ಥೂಲ ನಕ್ಷೆಗೆ ಪುದುಚೇರಿಯ ಫ್ರೆಂಚ್ ಸಂಸ್ಥೆಯು 1989ರಲ್ಲಿ ವಿವರಣಾ ಪುಸ್ತಿಕೆಯನ್ನು ಪ್ರಕಟಿಸಿತು. ಜಿ. ಬೂರ್ಜೋಂ ಅದರ ಕರ್ತೃ.

ಪೋಷಕಾಂಶಗಳ ಸ್ಥಿತಿ

ಇದರ ರಸಸಾರವು ಸಾಮಾನ್ಯವಾಗಿ 4.5ರಿಂದ 5.5ರ ಆಸುಪಾಸಿನಲ್ಲಿರುತ್ತದೆ. ಇಷ್ಟು ಆಮ್ಲೀಯವಾದ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಅನೇಕ ಬೆಳೆಗಳ ಬೇರುಗಳಿಗೆ ವಿಷವಾಗುತ್ತದೆ. ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಗೆ ಅಂಟಿಕೊಂಡು ಗಿಡಕ್ಕೆ ಸಿಗದಂತಾಗುತ್ತದೆ. ಕೆಳಪದರದ ಜೇಡಿಯು ಮುಖ್ಯವಾಗಿ ಕೆಯೊಲಿನೈಟ್ ಎಂಬ ಬಗೆಯದು. ಪೋಷಕಾಂಶಗಳನ್ನು ಹಿಡಿದಿಡುವ ಅದರ ಶಕ್ತಿ ಎರೆ ಮಣ್ಣಿನ ಜೇಡಿಗೆ ಹೋಲಿಸಿದರೆ ಅತ್ಯಲ್ಪ. ಆದ್ದರಿಂದ ಹಿಡಿದಿಡುವ ಕೆಲಸವೆಲ್ಲ ಮೇಲಿನ ಕಪ್ಪು ಸಾವಯವದ್ದೇ. ಚೆರ್ನೋಜೆಮಿನಲ್ಲಿ ಮೇಲ್ಪದರ ಸವೆದರೂ ಅಡಿಯಲ್ಲಿ ಸುಣ್ಣ, ಒಳ್ಳೆಯ ಜೇಡಿ ಉಳಿದಿರುತ್ತವೆ. ಇಲ್ಲಿ ಕಪ್ಪು ಪದರ ಕೊಚ್ಚಿಹೋದರೆ ಉಳಿಯುವುದು ಬಡ ಕೆಮ್ಮಣ್ಣು ಮಾತ್ರ.

ಇಂಗಾಲದ ಪ್ರಮಾಣವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. 30 ಸೆಂಟಿಮೀಟರ್ ಆಳದ ಮಣ್ಣನ್ನು ಪರಿಗಣಿಸಿದರೆ 3,000 ಘನ ಮೀಟರ್ ಆಗುತ್ತದೆ. ಒಂದು ಘನ ಮೀಟರ್ ಮಣ್ಣಿನ ಒಣ ತೂಕ 1 ಟನ್, ಅದರಲ್ಲಿ ಇಂಗಾಲ ಶೇಕಡಾ 4 ಎಂದು ಇಟ್ಟುಕೊಂಡರೆ ಒಂದು ಹೆಕ್ಟೇರಿನಲ್ಲಿ 120 ಟನ್ ಇಂಗಾಲ ಇದ್ದಂತಾಯಿತು. ‘ಬೋಳು’ ಎಂದು ಕರೆಯಲಾಗುವ ಬೆಟ್ಟದ ನೆಲದೊಳಗಿನ ಸಂಗ್ರಹವಿದು. ಮರದ ಇಂಗಾಲ ಕಣ್ಣಿಗೆ ಕಾಣುವಂತೆ ಇದು ಕಾಣುವುದಿಲ್ಲ.

ಹುಲ್ಲು ಸಹಜವೋ ಮನುಷ್ಯಕೃತವೋ

ಇಷ್ಟು ಮಳೆ ಬೀಳುವಲ್ಲಿ ಕಾಡು ಬೆಳೆಯದೆ ಹುಲ್ಲು ಏಕಿದೆ ಎಂಬ ಪ್ರಶ್ನೆ ಹಳೆಯದು. ಕಾಡನ್ನು ಸುಟ್ಟು, ದನ ಮೇಯಿಸಿದ್ದರಿಂದ ಹುಲ್ಲು ಬಂತೆಂಬುದು ಒಂದು ವಾದ. ಗಾಳಿ, ತೆಳು ಮಣ್ಣು, ಒಣ ಋತುವಿನ ದೀರ್ಘತೆಗಳಿಂದ ಹುಲ್ಲು ತಾನಾಗಿಯೇ ನೆಲೆಸಿದೆಯೆಂಬುದು ಇನ್ನೊಂದು. ಈ ವಾದವನ್ನು ಪರೀಕ್ಷಿಸಲು ಮಣ್ಣೇ ಸಾಕ್ಷಿಯನ್ನು ಒದಗಿಸುತ್ತದೆ. ಉಷ್ಣವಲಯದ ಹುಲ್ಲುಗಳೂ ಮರಗಳೂ ಗಾಳಿಯಿಂದ ಇಂಗಾಲವನ್ನು ಹೀರುವ ವಿಧಾನ ಬೇರೆ ಬೇರೆಯಾದ್ದರಿಂದ, ಅವು ಮಣ್ಣಿಗೆ ಸೇರಿಸುವ ಇಂಗಾಲದ ಭಾರದ ಪರಮಾಣುಗಳ ಪ್ರಮಾಣವೂ ಬೇರೆಯಾಗಿರುತ್ತದೆ. ಅದನ್ನು ಅಳೆದು, ಹಿಂದೆ ಅಲ್ಲಿ ಹುಲ್ಲಿತ್ತೋ ಮರವಿತ್ತೋ ಎಂದು ತಿಳಿಯಬಹುದು. ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಮಣ್ಣಿನ ಮೇಲೆ ಈ ವಿಧಾನದಿಂದ ನಡೆಸಿದ ಅಧ್ಯಯನ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಳೆದ 20,000 ವರ್ಷಗಳಲ್ಲಿ ಒಣಹವೆಯ ಕಾಲಗಳಲ್ಲಿ ಹುಲ್ಲು, ಒದ್ದೆಹವೆಯ ಕಾಲಗಳಲ್ಲಿ ಕಾಡು ಹಬ್ಬಿದ್ದವೆಂದು ಅದು ತೋರಿಸಿತು. ಹುಲ್ಲು ಅಲ್ಲಿ ಮನುಷ್ಯನ ಕೊಡಲಿಗಿಂತ ಹಳೆಯದು. ಕೊಡಗಿನ ಬೆಟ್ಟಗಳು ನೀಲಗಿರಿಗಿಂತ ತಗ್ಗು. ಕೆಳಗಿನ ಇಳಿಜಾರುಗಳಲ್ಲಿ ಬೆಂಕಿ ಮತ್ತು ಮೇವಿನ ಪಾತ್ರ ಹಿರಿದಾಗಿರುವ ಸಂಭವವುಂಟು. ಎತ್ತರದ ಏಣುಗಳಿಗೆ ಮಾತ್ರ ಅದೇ ವಿವರಣೆಯನ್ನು ಹಚ್ಚಲಾಗದು.

ಒಣಹುಲ್ಲಿನ ಪ್ರಶ್ನೆ

ಶೀತದೇಶಗಳಲ್ಲಿ ಚಳಿಗಾಲದುದ್ದಕ್ಕೂ ದನಗಳನ್ನು ಕೊಟ್ಟಿಗೆಯಲ್ಲಿಟ್ಟು ಸಾಕಬೇಕಾಗುವುದರಿಂದ, ಬೇಸಿಗೆಯಲ್ಲಿ ಹೂ ಬಿಡುವ ಹೊತ್ತಿಗೆ ಹುಲ್ಲನ್ನು ಕೊಯ್ದು, ಬಿಸಿಲಿನಲ್ಲಿ ಒಣಗಿಸಿ ಕೂಡಿಡುತ್ತಾರೆ. ಆ ಹಂತದ ಹುಲ್ಲಿನಲ್ಲಿ ಸಸಾರಜನಕ (ಪ್ರೋಟೀನು) ಹೆಚ್ಚು, ನಾರು ಕಡಿಮೆ. ಅಲ್ಲಿಯ ಹುಲ್ಲುಗಾವಲು ಹೊಲದಷ್ಟೇ ಬೆಲೆಬಾಳುವ ಆಸ್ತಿ.

ಪಶ್ಚಿಮ ಘಟ್ಟದಲ್ಲಿ ಈ ಕ್ರಮ ಕೈಗೂಡುವುದಿಲ್ಲ. ಹುಲ್ಲು ಎಳೆಯದಾಗಿ ಸಾರವುಳ್ಳದ್ದಾಗಿರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಬಿಸಿಲೇ ಇರುವುದಿಲ್ಲ. ಕೊಯ್ದ ಹುಲ್ಲು ಬೂಷ್ಟು ಹಿಡಿದು ಕೊಳೆಯುತ್ತದೆ. ನವೆಂಬರ್, ಡಿಸೆಂಬರ್‌ಗಳಲ್ಲಿ ಬಿಸಿಲು ಬರುವಾಗ ಹುಲ್ಲು ತೆನೆಯೊಡೆದು, ಬೀಜ ಉದುರಿಸಿ, ಬಿರುಸಾಗಿರುತ್ತದೆ. ಮೊದಲೇ ಬಡ ಮಣ್ಣು, ಮೇಲೆ ಬಲಿತ ಹುಲ್ಲು. ಮೇವಿನ ಸತ್ವ ಇನ್ನಷ್ಟು ತಗ್ಗುತ್ತದೆ. ನಿಂಬೆಹುಲ್ಲಿನ ಜಾತಿಯ ಸುವಾಸನೆಯ ಹುಲ್ಲುಗಳನ್ನಂತೂ ಬಲಿತ ಮೇಲೆ ದನ ಮೂಸಿ ಬಿಡುತ್ತದೆ.

ಆದ್ದರಿಂದ ಬೆಟ್ಟದ ಹುಲ್ಲಿನ ಉಪಯೋಗವು ಬೇರೆ ದಾರಿ ಹಿಡಿಯಿತು. ಮಳೆಗಾಲದಲ್ಲಿ ಮೇಯಲು, ಒಣಗಿದ ಮೇಲೆ ಮನೆಯ ಸೂರಿಗೆ, ಕೊಟ್ಟಿಗೆಯಲ್ಲಿ ಹಾಸಲು. ಘಟ್ಟದ ಕೆಳಗಿನ ಸುಳ್ಯ, ಪುತ್ತೂರು ಸೀಮೆಯಲ್ಲಿ ಗುಡ್ಡದಿಂದ ಕೊಯ್ದು ತರುವ ಮುಳಿಹುಲ್ಲು ಮಾಡಿಗೂ ಎಳೆಯ ಅಡಿಕೆ ಸಸಿಗಳ ನೆರಳಿಗೂ ಬಳಕೆಯಾಗುತ್ತಿತ್ತು. ಹಂಚು ಬಂದ ಮೇಲೆ ಮುಳಿಮಾಡು ಮರೆಯಾಯಿತು, ರಬ್ಬರ್ ಮತ್ತು ಗೇರು ಬಂದ ಮೇಲೆ ಮುಳಿಗುಡ್ಡೆಗಳೂ ಕಿರಿದಾದವು. ಬೇಸಿಗೆಯ ಮೇವಿಗಾಗಿ ಬಣವೆ ಒಟ್ಟಿದ್ದು ಭತ್ತದ ಬೈಹುಲ್ಲನ್ನು. ಶೀತದೇಶದ ಒಣಹುಲ್ಲುಗಾವಲಿಗೆ ತೀರ ಸಮೀಪದ ಉದಾಹರಣೆ ಬೇಕಾದರೆ ಉತ್ತರ ಕನ್ನಡದ ಬೇಣಗಳನ್ನು ಹೇಳಬಹುದು. ಅಲ್ಲಿ ಮಳೆ ನಿಂತ ಮೇಲೆ ಕೊಯ್ದು ಒಣಗಿಸುವ ಬೆಟ್ಟದ ಹುಲ್ಲಿಗೆ ‘ಕರಡ’ ಎಂಬ ಪ್ರತ್ಯೇಕ ಹೆಸರೇ ಇದೆ.

ಹುಲ್ಲು ಕೊಯ್ದು ಸಾಗಿಸುವುದೆಂದರೆ ಮಣ್ಣಿನ ಸಾರವನ್ನೂ ಸಾಗಿಸಿದಂತೆ. ಶೇಕಡಾ 6ರಷ್ಟು ಸಸಾರಜನಕವುಳ್ಳ ಒಂದು ಟನ್ ಒಣಹುಲ್ಲಿನೊಡನೆ ಸುಮಾರು 10 ಕಿಲೋಗ್ರಾಂ ಸಾರಜನಕ ಹೊರಹೋಗುತ್ತದೆ. ಗೊಬ್ಬರ ಗದ್ದೆಗೆ ಹೋಗುತ್ತಿತ್ತೇ ವಿನಾ ಬೆಟ್ಟಕ್ಕೆ ಮರಳುತ್ತಿರಲಿಲ್ಲ. ಬೇಸಿಗೆಯಲ್ಲಿ ಎಳೆಹುಲ್ಲು ಚಿಗುರಲೆಂದು ಹಚ್ಚುವ ಬೆಂಕಿಯಲ್ಲಿಯೂ ಇದೇ ನಷ್ಟವಿದೆ. ಸಾರಜನಕ ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಉಳಿಯುವ ಪೊಟ್ಯಾಶ್, ಸುಣ್ಣಗಳು ಒಂದಷ್ಟು ನೆಲಕ್ಕಿಳಿದು, ಉಳಿದದ್ದು ಮೊದಲ ಜಡಿಮಳೆಗೆ ಕೊಚ್ಚಿಹೋಗುತ್ತದೆ. ಹುಲ್ಲಿನ ಬೆಂಕಿ ಬೇಗ ದಾಟಿಹೋಗುವುದರಿಂದ ನೆಲದಡಿಯ ಬೇರು ಸಾಯುವುದಿಲ್ಲ ಎಂಬುದು ನಿಜ. ವರ್ಷ ವರ್ಷವೂ ಒಂದೇ ಇಳಿಜಾರು ಉರಿದರೆ ಮಣ್ಣಿನ ಸ್ಥಿತಿ ಬೇರೆಯೇ ಆಗುತ್ತದೆ.

ಬಾಣೆ ಮತ್ತು ಕಾನೂನು

ಕೊಡಗಿನ ಕೃಷಿಯಲ್ಲಿ ಗದ್ದೆಯೊಂದೇ ಸ್ವತಂತ್ರ ಘಟಕವಲ್ಲ. ಅದಕ್ಕೆ ಹೊಂದಿಕೊಂಡು ಮೇವು, ಸೊಪ್ಪು, ಸೌದೆಗಳಿಗಾಗಿ ಕಂದಾಯವಿಲ್ಲದೆ ಅನುಭವಿಸುವ ಎತ್ತರದ ಭೂಮಿಗೆ ಬಾಣೆ ಎಂದು ಹೆಸರು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಕೊಡಗಿನ ಜಮ್ಮಾ ಮತ್ತು ಬಾಣೆ, ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಹಳೆಯ ಮೈಸೂರು ಭಾಗದ ಸೊಪ್ಪಿನಬೆಟ್ಟ ಮೊದಲಾದವುಗಳ ಮೇಲಿನ ಸವಲತ್ತುಗಳನ್ನು ಮುಂದುವರಿಸಿತು. ಹೆಸರುಗಳು ಬೇರೆ ಬೇರೆ, ತತ್ತ್ವ ಒಂದೇ. ಮೇಲಿನ ಮಣ್ಣಿನ ಸಾರವು ದನದ ಹೊಟ್ಟೆಯ ಮೂಲಕ ಕೆಳಗಿನ ಗದ್ದೆಗೆ ಇಳಿಯುತ್ತಿತ್ತು. ಅನೇಕ ಬಾಣೆಗಳು ಕಾಲಕ್ರಮದಲ್ಲಿ ಕಾಫಿ ತೋಟಗಳಾಗಿವೆ. ಅಲ್ಲಿ ಮರದ ನೆರಳೂ ತರಗೆಲೆಯೂ ಇರುವುದರಿಂದ ಮಣ್ಣಿಗೆ ಹೊದಿಕೆ ದೊರೆಯುತ್ತದೆ. ಆಮ್ಲತೆಯನ್ನು ತಗ್ಗಿಸಲು ಬೆಳೆಗಾರರು ಸುಣ್ಣ ಹಾಕುತ್ತಾರೆ. ಬೆಟ್ಟದ ಸಹಜ ಹುಲ್ಲುಗಾವಲಿಗೆ ಸುಣ್ಣ ಹಾಕುವ ಅಗತ್ಯವಿಲ್ಲ, ಹಾಕಲೂಬಾರದು. ಅಲ್ಲಿಯ ಹುಲ್ಲುಗಳು ಆಮ್ಲೀಯ ನೆಲಕ್ಕೇ ಒಗ್ಗಿದವು.

ನೀರು ಮತ್ತು ಭೂಕುಸಿತ

ರವೆಯಂತಹ ರಚನೆಯೂ ಬೇರಿನ ಹೆಣಿಗೆಯೂ ಇರುವುದರಿಂದ ಈ ಮಣ್ಣು ಮಳೆನೀರನ್ನು ಬೇಗನೆ ಒಳಕ್ಕೆ ಎಳೆದುಕೊಂಡು ನಿಧಾನವಾಗಿ ಬಿಡುತ್ತದೆ. ಬ್ರಹ್ಮಗಿರಿಯ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ, ಸಂಪಾಜೆಯ ಮೂಲಕ ಹರಿದು ಕಾಸರಗೋಡಿನಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಸಮುದ್ರ ಸೇರುವ ಪಯಸ್ವಿನಿ, ಇವೆರಡಕ್ಕೂ ನೀರುಣಿಸುವುದು ಕೊಡಗಿನ ಬೆಟ್ಟಸಾಲುಗಳೇ. ಆದರೆ ಹುಲ್ಲುಗಾವಲನ್ನು ‘ಸ್ಪಂಜು’ ಎಂದು ಕರೆಯುವ ರೂಢಿಯು ಅರ್ಧ ಸತ್ಯ ಮಾತ್ರ. ಗೇಣುದ್ದದ ಪದರವು ಹಿಡಿಯುವ ನೀರಿಗೆ ಮಿತಿಯಿದೆ. ಅದು ತುಂಬಿದ ಮೇಲೆ ನೀರು ಕೆಳಗಿನ ಶಿಥಿಲ ಶಿಲೆಯ ಪದರಕ್ಕೆ ಇಳಿಯುತ್ತದೆ.

2018ರ ಆಗಸ್ಟ್ ಮಧ್ಯಭಾಗದಲ್ಲಿ ಸುರಿದ ಅತಿವೃಷ್ಟಿಯಿಂದ ಜೋಡುಪಾಲ, ಮೊಣ್ಣಂಗೇರಿ, ಮದೆನಾಡು, ಮಕ್ಕಂದೂರು, ಹೆಬ್ಬೆಟ್ಟಗೇರಿ ಮುಂತಾದ ಕಡೆ ಗುಡ್ಡಗಳು ಕುಸಿದು ಜೀವಹಾನಿಯಾಯಿತು. ಮನೆ, ತೋಟ, ಗದ್ದೆಗಳು ಮಣ್ಣಿನಡಿ ಸೇರಿದವು. ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೂ ಕುಸಿಯಿತು. ಇಂತಹ ಕುಸಿತಗಳಲ್ಲಿ ಜಾರುವುದು ಮೇಲಿನ ಕಪ್ಪು ಪದರವಲ್ಲ, ಅದನ್ನು ಹೊತ್ತಿರುವ ಆಳದ ಶಿಥಿಲ ಪದರ. ಹುಲ್ಲಿನ ಬೇರು ಮೇಲ್ಮೈ ಕೊರೆತವನ್ನು ತಡೆಯಬಲ್ಲದು. ಹತ್ತು ಮೀಟರ್ ಆಳದ ಜಾರುವಿಕೆಯನ್ನು ತಡೆಯಲಾರದು. ಮರದ ಬೇರಿಗೂ ಅಷ್ಟು ಆಳದಲ್ಲಿ ಹಿಡಿತವಿಲ್ಲ. ಹೀಗಿರುವಾಗ ಅಪಾಯವನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಸಂಗತಿಯೆಂದರೆ ಇಳಿಜಾರಿನ ಆಕಾರ ಮತ್ತು ನೀರಿನ ದಾರಿ. ರಸ್ತೆಗಾಗಿ, ಕಟ್ಟಡಕ್ಕಾಗಿ ಬುಡವನ್ನು ಲಂಬವಾಗಿ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರಿನ ಸಹಜ ತೋಡುಗಳನ್ನು ಮುಚ್ಚಿದರೆ ನೀರು ಗುಡ್ಡದೊಳಗೇ ಒತ್ತಡವಾಗಿ ನಿಲ್ಲುತ್ತದೆ. ಬಯಲುಸೀಮೆಯಲ್ಲಿ ಪುಣ್ಯದ ಕೆಲಸವಾದ ಇಂಗುಗುಂಡಿಯು ಕಡಿದಾದ ಶಿಥಿಲ ಇಳಿಜಾರಿನಲ್ಲಿ ಅಪಾಯಕ್ಕೆ ಕಾರಣವಾಗಬಲ್ಲದು.

ಹಾನಿ ಮತ್ತು ಚೇತರಿಕೆ

ಕಪ್ಪು ಪದರವು ನಾಶವಾಗುವ ದಾರಿಗಳು ಹಲವು. ಮಾಂದಲಪಟ್ಟಿಯಂತಹ ಪ್ರವಾಸಿ ತಾಣಗಳಲ್ಲಿ ಜೀಪು ದಾರಿಬಿಟ್ಟು ಹುಲ್ಲಿನ ಮೇಲೆ ಹರಿದಾಗ ಬೇರಿನ ಚಾಪೆ ಹರಿಯುತ್ತದೆ, ರವೆಯಂತಹ ಮಣ್ಣು ಅಮುಕಿ ಗಟ್ಟಿಯಾಗುತ್ತದೆ. ನೀರು ಇಂಗದೆ ಚಕ್ರದ ಜಾಡಿನಲ್ಲಿಯೇ ಹರಿಯುತ್ತದೆ. ಒಂದೆರಡು ಮಳೆಗಾಲಗಳಲ್ಲಿ ಜಾಡು ಕೊರಕಲಾಗಿ ಕೆಮ್ಮಣ್ಣು ಬಾಯ್ತೆರೆಯುತ್ತದೆ. 2021ರಲ್ಲಿ ಇದೇ ಬೆಟ್ಟಗಳಲ್ಲಿ ನೀಲಿ ಕುರಿಂಜಿ ಅರಳಿದಾಗ ಬಂದ ಜನಸಂದಣಿಯು ಮೆಟ್ಟಿದ್ದು ಈ ಮಣ್ಣನ್ನೇ.

ಹುಲ್ಲುಬೆಟ್ಟದಲ್ಲಿ ಅಕೇಶಿಯದಂತಹ ಹೊರನಾಡಿನ ಮರಗಳನ್ನು ನೆಡುವುದು ಇನ್ನೊಂದು ದಾರಿ. ನೆಡಲು ಗುಂಡಿ ತೋಡಿದಾಗಲೇ ಹಳೆಯ ಇಂಗಾಲಕ್ಕೆ ಗಾಳಿ ತಗುಲಿ ಕೊಳೆಯುವಿಕೆ ಚುರುಕಾಗುತ್ತದೆ. ನೆರಳು ಬಿದ್ದಂತೆ ಬಿಸಿಲುಪ್ರಿಯವಾದ ಹುಲ್ಲು ಸಾಯುತ್ತದೆ. ಎಲೆ ಉದುರಿ ಹೊಸ ಇಂಗಾಲ ಸೇರಿದರೂ ಅದು ಮೇಲ್ಮೈಯಲ್ಲಿ ಇರುತ್ತದೆ, ಬೇರಿನಿಂದ ಬಂದದ್ದರಂತೆ ಒಳಗೆ ಹುದುಗಿರುವುದಿಲ್ಲ. ಹಸಿರೀಕರಣದ ಹೆಸರಿನಲ್ಲಿ ಮಾಡುವ ಈ ಕೆಲಸವನ್ನು ಹುಲ್ಲಿನ ಏಣುಗಳಲ್ಲಿ ಕೈಬಿಡುವುದೇ ಸರಿಯಾದದ್ದು.

ಕೊರಕಲು ಬಿದ್ದ ಜಾಗದಲ್ಲಿ ಮೊದಲು ಮಾಡಬೇಕಾದದ್ದು ನೀರನ್ನು ಜಾಡಿನಿಂದ ಪಕ್ಕಕ್ಕೆ ತಿರುಗಿಸುವುದು. ಬಳಿಕ ಅದೇ ಬೆಟ್ಟದ ಹುಲ್ಲಿನ ಬುಡಗಳನ್ನು ತಂದು ಜೂನ್ ಮೊದಲ ಮಳೆಗೆ ಒತ್ತಾಗಿ ನೆಟ್ಟು, ದನ ಮತ್ತು ಚಕ್ರ ಎರಡನ್ನೂ ದೂರವಿಟ್ಟರೆ ಹಸಿರು ಹೊದಿಕೆ ಕೆಲವು ವರ್ಷಗಳಲ್ಲಿ ಮರಳುತ್ತದೆ. ಅದರಡಿಯಲ್ಲಿ ಗೇಣುದ್ದ ಕಪ್ಪು ಮಣ್ಣು ಕಟ್ಟಲು ಶತಮಾನಗಳು ಬೇಕಾಗುತ್ತವೆ.